ಮುಹೂರ್ತ ಮುಗಿಯುವ ತನಕ ಮಲ್ಲಿಗೆ ಬಾಡದಂತೆ ಇಟ್ಟದ್ದು ಹೀಗೆ

ಉಡುಪಿ ಕಡೆಯ ಮದುವೆ ಅಂದ ಮೇಲೆ ಶಂಕರಪುರ ಮಲ್ಲಿಗೆ ಬೇಕೇ ಬೇಕು. ಆದರೆ ನನ್ನ ನಿಶ್ಚಿತಾರ್ಥಕ್ಕೆ ಬೆಳಿಗ್ಗೆ ಮುಡಿದ ಹೂವು ಊಟದ ಹೊತ್ತಿಗೆ ಅಂಚಿನಲ್ಲಿ ಕಂದು ತಿರುಗಿತ್ತು. ಫೋಟೋದಲ್ಲಿ ಅದೇ ಎದ್ದು ಕಾಣುತ್ತದೆ.

ನೀರು ಚಿಮುಕಿಸಿ ನೋಡಿದೆ, ಹನಿ ನಿಂತಲ್ಲೆಲ್ಲ ಕಲೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ, ಒಳಗೆ ಬೆವರಿ ಮೆತ್ತಗಾಯಿತು. ಒದ್ದೆ ಬಟ್ಟೆಯೂ ಅಷ್ಟೇ. ಫ್ರೀಜರ್ ಸುದ್ದಿಗಂತೂ ಹೋಗಬೇಡಿ.

ಹೂವು ಕೊಯ್ದು, ಕಟ್ಟಿ, ಪೇಟೆಗೆ ಬರುವಾಗ ಹೊತ್ತಾಗುತ್ತದೆ. ಬೆಳಗ್ಗಿನ ಮುಹೂರ್ತಕ್ಕೆ ಹಿಂದಿನ ದಿನದ ಹೂವೇ ಗತಿ, ಅಲ್ವಾ? ಹಾಗಾಗಿ ರಾತ್ರಿ ಇಡುವ ಕ್ರಮವೇ ಮುಖ್ಯ. ಅರಳದ ಬಿಗಿ ಮೊಗ್ಗಿನ ಚೆಂಡು, ಅಂದರೆ ಬಾಳೆನಾರಿನಲ್ಲಿ ಕಟ್ಟಿದ ಮಾಲೆ, ಕೇಳಿ ತನ್ನಿ. ನೀರು ಸೋಕಿಸಬೇಡಿ. ಬಾಳೆಎಲೆಯನ್ನು ಚೆನ್ನಾಗಿ ಒರೆಸಿ, ಅದರಲ್ಲಿ ಸಡಿಲವಾಗಿ ಸುತ್ತಿ. ಮೇಲೆ ಒಣ ಹತ್ತಿ ಬಟ್ಟೆ. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಫ್ರಿಜ್ಜಿನ ತಳದ ತರಕಾರಿ ಡ್ರಾಯರಿನಲ್ಲಿಡಿ. ಹಾಲ್‌ಗೂ ಡಬ್ಬಿಯಲ್ಲೇ ಒಯ್ಯಿರಿ.

ಮುಡಿಯುವಾಗಲೂ ಕ್ರಮ ಉಂಟು. ಮೊದಲು ಜಡೆ, ಆಮೇಲೆ ಹೇರ್ ಸ್ಪ್ರೇ. ಅದು ಪೂರ್ತಿ ಒಣಗಿದ ಮೇಲೆ, ಸೀರೆ ಉಟ್ಟು ಆಭರಣ ಹಾಕಿ, ಕೊನೆಗೆ ಹೂವು. ಬ್ಯೂಟೀಷಿಯನ್‌ಗೆ ಮೊದಲೇ ಹೇಳಿಡಿ, ಇಲ್ಲವಾದರೆ ಹೂವಿನ ಮೇಲೇ ಸ್ಪ್ರೇ ಹೊಡೆಯುತ್ತಾರೆ. ಪಿನ್ ಬಾಳೆನಾರಿಗೆ ಸಿಕ್ಕಿಸಬೇಕು, ಮೊಗ್ಗಿಗೆ ಚುಚ್ಚಬಾರದು.

ಅಳತೆ: ಒಂದು ಚೆಂಡಿಗೆ 800 ಹೂವು, 4 ಚೆಂಡು ಸೇರಿದರೆ ಒಂದು ಅಟ್ಟೆ. ನನ್ನ ಜಡೆಗೆ 2 ಚೆಂಡು ಸಾಕಾಯಿತು. ಮದುವೆ ಸೀಸನ್‌ನಲ್ಲಿ ರೇಟು ಏರುತ್ತದೆ, ಕಟ್ಟೆಯವರಿಗೆ (ಹೂವಿನ ವ್ಯಾಪಾರಿಗಳಿಗೆ) ಮುಂಚೆಯೇ ಹೇಳಿಡಿ.