ಪಾರಿವಾಳ ಜಾಸ್ತಿ, ಗೂಡು ಕಡಿಮೆ: ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದಾದ ಲೆಕ್ಕ

ಮಕ್ಕಳಿಗೆ ಗಣಿತ ಹೇಳಿಕೊಡುವವರೆಲ್ಲ ಇದನ್ನು ಒಮ್ಮೆ ಮಾಡಿ ನೋಡಿ. 10 ಪಾರಿವಾಳ, 9 ಗೂಡು. ಎಲ್ಲವೂ ಗೂಡು ಸೇರಿದರೆ ಒಂದು ಗೂಡಿನಲ್ಲಾದರೂ ಎರಡು ಇರಲೇಬೇಕು, ಅಲ್ವಾ? ನಿಯಮ ಇಷ್ಟೇ.

ಈಗ ಬಳೆ ಡಬ್ಬಿ ತನ್ನಿ. ಕೆಂಪು, ಹಸಿರು, ಹಳದಿ ಬಳೆ ಬೆರೆತುಹೋಗಿವೆ, ಕರೆಂಟ್ ಇಲ್ಲ. ಒಂದೇ ಬಣ್ಣದ ಎರಡು ಬೇಕು ಅಂದರೆ 4 ಬಳೆ ತೆಗೆದರೆ ಸಾಕು. ಒಂದೇ ಬಣ್ಣದ ನಾಲ್ಕು ಬೇಕು ಅಂದರೆ? ಇಲ್ಲಿ ಉತ್ತರ ಹೇಳಬೇಡಿ, ಮಕ್ಕಳು ಯೋಚಿಸಲಿ. ಅದೃಷ್ಟ ಪೂರ್ತಿ ಕೈಕೊಟ್ಟಿತು ಅಂದುಕೊಳ್ಳಿ. ಪ್ರತಿ ಬಣ್ಣದಲ್ಲೂ ಮೂರೇ ಬಂದವು, ಒಟ್ಟು 9. ಹತ್ತನೆಯದು ಯಾವ ಬಣ್ಣದ್ದೇ ಆಗಲಿ, ಆ ಬಣ್ಣದಲ್ಲಿ ನಾಲ್ಕು ಆಗಿಬಿಡುತ್ತದೆ. ಡಬ್ಬಿಯಲ್ಲಿ ನೂರು ಬಳೆ ಇರಲಿ, ಸಾವಿರ ಇರಲಿ, ಉತ್ತರ 10. ಈ ನಿಯಮದಲ್ಲಿ ನನಗೆ ತುಂಬಾ ಇಷ್ಟ ಆಗುವುದು ಇದೇ.

ಶೂ ವಿಷಯದಲ್ಲಿ ಮಾತ್ರ ಎಚ್ಚರ. ಎಡ, ಬಲ ಬೇರೆ ಬೇರೆ. ಒಂದೇ ಥರದ 5 ಜೊತೆ ಬೆರೆತಿದ್ದರೆ, ಮೊದಲ ಐದೂ ಎಡಗಾಲಿನವೇ ಬರಬಹುದು. ಹಾಗಾಗಿ ಸರಿಯಾದ ಒಂದು ಜೊತೆ ಬೇಕು ಅಂದರೆ 6 ಶೂ ತೆಗೆಯಬೇಕು.

ವೇಳಾಪಟ್ಟಿ ಮಾಡುವಾಗಲೂ ಇದು ಕೆಲಸಕ್ಕೆ ಬರುತ್ತದೆ. 6 ದಿನದಲ್ಲಿ 7 ಪರೀಕ್ಷೆ ಮುಗಿಯಬೇಕು ಅಂದರೆ ಒಂದು ದಿನ ಎರಡು ಬರಲೇಬೇಕು. ಸುಮ್ನೆ ಹಿಂದೆ ಮುಂದೆ ಮಾಡುತ್ತಾ ಕೂರುವುದಕ್ಕಿಂತ ಯಾವ ಎರಡನ್ನು ಸೇರಿಸುವುದು ಅಂತ ಮೊದಲೇ ಯೋಚಿಸಿ.

ಇನ್ನೊಂದು ಮಾತು. 13 ಜನರಲ್ಲಿ ಇಬ್ಬರು ಒಂದೇ ತಿಂಗಳಲ್ಲಿ ಹುಟ್ಟಿರುವುದು ಖಂಡಿತ. ಆ ಇಬ್ಬರು ಯಾರು ಅಂತ ನಿಯಮ ಹೇಳುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು.