ಬಿಎಂಐ ಒಂದೇ, ಲಿವರ್ ಬೇರೆ ಬೇರೆ: ನನ್ನ ಅನುಭವ

ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35 ಇದ್ದವರೆಲ್ಲರ ಲಿವರ್ ಒಂದೇ ಥರ ಇರಲ್ಲ, ಅಜ್ಜ ಅಜ್ಜಿ ಯಾವ ಊರವರು ಅಂತಲೂ ಕೇಳಬೇಕು ಅಂದಾಗ ಜೊತೆಯ ಡಾಕ್ಟರುಗಳು ನಕ್ಕಿದ್ದರು. "ಜನಾಂಗ ನೋಡಿ ಸ್ಕ್ಯಾನ್ ಮಾಡ್ತೀಯಾ? ಕೇಸ್ ಹಾಕಿಸ್ಕೋತೀಯ ನೋಡು" ಅಂತ ಒಬ್ಬರು ಹೆದರಿಸಿದ್ದರು. ಈಗ ಅವರೇ ತಿಂಗಳಿಗೆ ನಾಲ್ಕೈದು ಪೇಷೆಂಟುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ನನ್ನದು ಟೆಕ್ಸಾಸ್‌ನಲ್ಲಿ ಸಣ್ಣ ಕ್ಲಿನಿಕ್. ಬರುವವರಲ್ಲಿ ಅರ್ಧದಷ್ಟು ಜನ ಮೆಕ್ಸಿಕೋ ಮೂಲದವರು. ಡಲ್ಲಾಸ್‌ನಲ್ಲಿ ನಡೆದ ಒಂದು ಅಧ್ಯಯನದ 2004ರ ಅಂಕಿಗಳು ಹೀಗಿವೆ: ಲಿವರ್‌ನಲ್ಲಿ ಕೊಬ್ಬು ಇದ್ದವರು ಹಿಸ್ಪಾನಿಕ್ (ಮೆಕ್ಸಿಕೋದಂಥ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಜನರಲ್ಲಿ ಶೇ 45, ಬಿಳಿಯರಲ್ಲಿ ಶೇ 33, ಆಫ್ರಿಕನ್ ಅಮೆರಿಕನ್ನರಲ್ಲಿ ಶೇ 24. ನನ್ನ ತಲೆ ತಿಂದಿದ್ದು ಆ ಕೊನೆಯ ಅಂಕಿ. ಬೊಜ್ಜೂ ಇದೆ, ಇನ್ಸುಲಿನ್ ರೆಸಿಸ್ಟೆನ್ಸೂ (ಇನ್ಸುಲಿನ್‌ಗೆ ಮೈ ಸರಿಯಾಗಿ ಬಗ್ಗದಿರುವುದು) ಇದೆ, ಲಿವರ್‌ನಲ್ಲಿ ಮಾತ್ರ ಕೊಬ್ಬು ಕಮ್ಮಿ!

ಅದನ್ನೇ ನಂಬಿ ಮೊದಲ ವರ್ಷ ಪೆದ್ದ ಕೆಲಸ ಮಾಡಿದೆ. ಫಾರ್ಮಿನಲ್ಲಿ ಹಿಸ್ಪಾನಿಕ್ ಅಂತ ಟಿಕ್ ಇದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್, ಆಫ್ರಿಕನ್ ಅಮೆರಿಕನ್ ಅಂತಿದ್ದರೆ ಬರೀ ರಕ್ತ ಪರೀಕ್ಷೆ. ಆ ಹಿಸ್ಪಾನಿಕ್ ಡಬ್ಬಿಯೊಳಗೆ ಮೆಕ್ಸಿಕೋದವರು, ಪೋರ್ಟೊ ರಿಕೊದವರು, ಡೊಮಿನಿಕನ್ನರು ಎಲ್ಲ ಒಟ್ಟಿಗೆ. ಲಿವರ್ ತೊಂದರೆ ಮೆಕ್ಸಿಕೋದವರಲ್ಲಿ ಸಿಕ್ಕಷ್ಟು ಉಳಿದವರಲ್ಲಿ ಸಿಗಲಿಲ್ಲ. ಅದಾದರೂ ಬರೀ ದುಡ್ಡಿನ ನಷ್ಟ. ಇನ್ನೊಂದು ತಪ್ಪು ನೆನೆಸಿಕೊಂಡರೆ ಈಗಲೂ ಕಸಿವಿಸಿ. ಆಫ್ರಿಕನ್ ಅಮೆರಿಕನ್ ಹೆಂಗಸು, ಬಿಎಂಐ 41, ಹಳೇ ಡಯಾಬಿಟಿಸ್. ಅಪಾಯ ಕಮ್ಮಿ ಅಂತ ಒಂದು ವರ್ಷ ಸುಮ್ನೆ ಬಿಟ್ಟಿದ್ದೆ. ರಕ್ತದ ಪ್ಲೇಟ್ಲೆಟ್ ನನ್ನ ಕಣ್ಣೆದುರೇ ಇಳಿಯುತ್ತಿತ್ತು, ಲಿವರ್ ಕೆಡುತ್ತಿದೆ ಅನ್ನುವ ಸುಳಿವು ಅದು. ಸ್ಕ್ಯಾನ್ ಮಾಡಿದರೆ 14 ಕಿಲೋಪಾಸ್ಕಲ್, ಅಂದರೆ ಲಿವರ್ ತುಂಬಾ ಗಟ್ಟಿಯಾಗಿಬಿಟ್ಟಿತ್ತು. ಆ ನಿಯಮವನ್ನು ಅಂದೇ ಸಂಜೆ ಕಿತ್ತು ಹಾಕಿದೆ.

ಈಗ ಮೂಲ ಕೇಳುವುದು ಬೇಗ ನೋಡುವುದಕ್ಕೆ ಮಾತ್ರ. ಯಾರನ್ನೂ ಕೈಬಿಡುವುದಕ್ಕಲ್ಲ. ಬೊಜ್ಜು ಇರುವ ಎಲ್ಲರಿಗೂ ಫಿಬ್-4 (ವಯಸ್ಸು, ರಕ್ತ ಪರೀಕ್ಷೆಯ ಅಂಕಿಗಳಿಂದ ಲಿವರ್ ಎಷ್ಟು ಕೆಟ್ಟಿದೆ ಅಂತ ಅಂದಾಜಿಸುವ ಲೆಕ್ಕ), ಅದು 1.3 ದಾಟಿದರೆ ಸ್ಕ್ಯಾನ್. ವಯಸ್ಸು 35 ದಾಟದವರಲ್ಲಿ ಫಿಬ್-4 ನಂಬುವಂತಿಲ್ಲ, ಅಲ್ವಾ? ಅದಕ್ಕೇ ಮೆಕ್ಸಿಕೋ ಮೂಲದ ಹುಡುಗರಲ್ಲಿ ಎಎಲ್‌ಟಿ (ರಕ್ತದಲ್ಲಿ ಕಾಣುವ ಲಿವರ್ ಕಿಣ್ವ) ಸ್ವಲ್ಪ ಜಾಸ್ತಿ ಕಂಡರೂ ನೇರ ಸ್ಕ್ಯಾನ್. ನಮ್ಮ ದಕ್ಷಿಣ ಏಷ್ಯಾದವರಿಗೆ ಬಿಎಂಐ 30 ಆಗಲಿ ಅಂತ ಕಾಯುವುದಿಲ್ಲ. ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಮುಟ್ಟಿತೋ, ಪಟ್ಟಿಗೆ ಸೇರಿಸುತ್ತೇನೆ. ಟೇಪು ನಾನೇ ಹಿಡಿಯುತ್ತೇನೆ. ಹಿಂದೆ ಸಿಬ್ಬಂದಿ ಬೆಲ್ಟಿನ ಮೇಲೇ ಅಳೆದು ಬರೆದುಬಿಡುತ್ತಿದ್ದರು.

ಸ್ಕ್ಯಾನ್ ಮೆಷಿನ್ ಬಾಡಿಗೆಯದು. ದುಡ್ಡು ಉಳಿಸೋಣ ಅಂತ ಎಂ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಸಾಧಾರಣ ಅಳತೆಯ ತುದಿ) ಒಂದನ್ನೇ ತಂದೆ. ಪೇಷೆಂಟು ಬಲಗೈ ತಲೆಯ ಹಿಂದಿಟ್ಟು ಮಲಗಿದ್ದಾರೆ, ಪಕ್ಕೆಲುಬಿನ ನಡುವೆ ಜೆಲ್ ಹಚ್ಚಿ ಟಕ್ ಟಕ್ ಅಂತ ಬಟನ್ ಒತ್ತಿದ್ದೇ ಒತ್ತಿದ್ದು. ಬೇಕಾದ್ದು ಸರಿಯಾದ 10 ರೀಡಿಂಗ್. ಹದಿನೈದು ಸಲ ಒತ್ತಿದರೂ ಬಂದದ್ದು ಮೂರು. ಚರ್ಮದಿಂದ ಲಿವರ್‌ಗೆ ಎರಡೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ದೂರ ಇದ್ದರೆ ಎಂ ಪ್ರೋಬ್‌ನಿಂದ ಆಗುವ ಕೆಲಸವಲ್ಲ. ಬೊಜ್ಜಿನವರಿಗೆಂದೇ ತಂದ ಮೆಷಿನ್ ಬೊಜ್ಜಿನವರಿಗೇ ಆಗಿಬರಲಿಲ್ಲ! ದಿನಕ್ಕೆ ಎರಡು ಮೂರು ಸ್ಕ್ಯಾನ್ ದಂಡ. ಇನ್ಶೂರೆನ್ಸಿನವರು ಬಿಲ್ ವಾಪಸ್ ಕಳಿಸುತ್ತಿದ್ದರು. ಒಪ್ಪಿದರೂ ಒಂದಕ್ಕೆ 40 ಡಾಲರ್ ಆಚೀಚೆ, ಬಾಡಿಗೆಗೂ ಸಾಲದು. ಕೊನೆಗೆ ಸಾಲ ಮಾಡಿ ದಪ್ಪ ಮೈಯವರಿಗೆಂದೇ ಇರುವ ಎಕ್ಸ್‌ಎಲ್ ಪ್ರೋಬ್ ತಂದೆ. ಖರ್ಚು ಸರಿದೂಗಲು ಒಂದೂವರೆ ವರ್ಷ ಹಿಡಿಯಿತು.

ನಡುವೆ ಒಂದು ಹುಚ್ಚು. ಪಿಎನ್‌ಪಿಎಲ್‌ಎ3 ಜೀನ್ ಪರೀಕ್ಷೆ, ಇಪ್ಪತ್ತು ಚಿಲ್ಲರೆ ಜನಕ್ಕೆ, ನನ್ನ ಜೇಬಿನಿಂದಲೇ. 2008ರಲ್ಲಿ ಇದರ ಸುದ್ದಿ ಬಂದಾಗಿಂದ ಆಸೆ ಇತ್ತು. ಆ ಜೀನಿನ ಒಂದು ರೂಪ ಇದ್ದರೆ ಲಿವರ್‌ನಲ್ಲಿ ಕೊಬ್ಬು ಸೇರುವುದು ಜಾಸ್ತಿ; ಹಿಸ್ಪಾನಿಕ್ ಜನರಲ್ಲಿ ಆ ರೂಪ ಜಾಸ್ತಿ, ಆಫ್ರಿಕನ್ ಅಮೆರಿಕನ್ನರಲ್ಲಿ ಕಮ್ಮಿ. ಒಬ್ಬರಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಆ ರೂಪದ ಎರಡೂ ಕಾಪಿ ಬಂದಿದ್ದವು, ಲಿವರ್ ಮಾತ್ರ ಮಗುವಿನದರ ಹಾಗೆ. ಒಬ್ಬರಿಗೂ ಚಿಕಿತ್ಸೆ ಬದಲಾಗಲಿಲ್ಲ. ನಿಲ್ಲಿಸಿದೆ.

ಅಜ್ಜ ಅಜ್ಜಿ ಎಲ್ಲಿಯವರು ಅಂತ ಯಾರಿಗೂ ಬೇಜಾರಾಗದ ಹಾಗೆ ಕೇಳುವುದು ಹೇಗೆ? ಅದಕ್ಕೆ ನನ್ನದೇ ಒಂದು ಮಾತಿದೆ. ಅದು ನನ್ನ ಹತ್ತಿರವೇ ಇರಲಿ, ಮೂರು ವರ್ಷ ಬೈಗುಳ ತಿಂದು ಕಲಿತದ್ದು.

ಆ 14ರ ಹೆಂಗಸು ಈಗ ಹತ್ತು ಕಿಲೋಗಿಂತ ಜಾಸ್ತಿ ಇಳಿಸಿದ್ದಾರೆ. ಹೋದ ತಿಂಗಳು ಸ್ಕ್ಯಾನ್‌ನಲ್ಲಿ 9 ಚಿಲ್ಲರೆ ಬಂತು. ಸ್ಕ್ರೀನನ್ನು ತಮ್ಮ ಕಡೆ ತಿರುಗಿಸಿಕೊಂಡು ತಾವೇ ಓದಿದರು.