ಒಂದೇ ಕೀರ್ತನೆ, ಮೂರು ಪ್ರಸಂಗ

ವಾರದ ಆರು ದಿನ ಭತ್ತದ ಲಾರಿಯನ್ನು ಕಾಟಾ ಮೇಲೆ ನಿಲ್ಲಿಸಿ ತೂಕ ಬರೆಯುವುದು ನನ್ನ ಕೆಲಸ. ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ ನಾನು. ಏಳನೆಯ ದಿನ, ನಮ್ಮ ಪಾದ್ರಿ ಅಯ್ಯನವರು ಬೇರೆ ಊರಿಗೆ ಹೋಗಿರುವಾಗ, ನಮ್ಮ ಕ್ರೈಸ್ತ ಸಭೆಯಲ್ಲಿ ಸತ್ಯವೇದದ, ಅಂದರೆ ಬೈಬಲ್ಲಿನ, ವಾಕ್ಯ ಬಿಡಿಸಿ ಹೇಳುತ್ತೇನೆ. ಅದಕ್ಕೆ ನಾವು ಪ್ರಸಂಗ ಅನ್ನುತ್ತೇವೆ. ಅಯ್ಯನವರ ಪಾಲಿಗೆ ಐದು ಊರು ಬಂದಿವೆ. ತಿಂಗಳಿಗೆ ಒಂದು ಭಾನುವಾರ ನಮಗೆ ಸಿಕ್ಕರೆ ಅದೇ ಹೆಚ್ಚು. ಉಳಿದ ಭಾನುವಾರ ನಾನು, ಇಲ್ಲವೇ ಒಬ್ಬ ನಿವೃತ್ತ ಮೇಷ್ಟ್ರು.

ಸಭೆ ಅಂದರೆ ಅರವತ್ತು ಜನ. ಹಮಾಲರು, ನಾಟಿ ಹಚ್ಚುವ ಹೆಣ್ಣುಮಕ್ಕಳು, ಕಾಲುವೆ ಕೆಳಗೆ ಎರಡು ಎಕರೆ ಇರುವ ಕೆಲವರು, ಒಬ್ಬ ನರ್ಸ್. ಅರ್ಧಕ್ಕರ್ಧ ಮಂದಿ ಕ್ಯಾಂಪಿನವರು, ಅಂದರೆ ಆಂಧ್ರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ಮನೆಯಲ್ಲಿ ತೆಲುಗು. ಹಾಡು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿದರೂ ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. ಒಂದು ಹಾರ್ಮೋನಿಯಂ, ಒಂದು ಢೋಲಕ್, ತಾಳ. ಮೈಕ್ ಇದೆ, ಕರೆಂಟ್ ಇದ್ದರೆ.

ಹದಿನೈದು ವರ್ಷದಿಂದ ಹೇಳುತ್ತಿದ್ದೇನೆ. ಅದರಲ್ಲಿ ಸತ್ಯವೇದದ ಕೀರ್ತನೆಗಳ ಪುಸ್ತಕದ 121ನೆಯ ಕೀರ್ತನೆಯ ಮೇಲೆ ಮಾತ್ರ ಮೂರು ಸಲ ಮಾತಾಡಿದ್ದೇನೆ. ಮೊದಲನೆಯದು ವ್ಯರ್ಥವಾಯಿತು. ಎರಡನೆಯದು ತಪ್ಪಾಯಿತು. ಮೂರನೆಯದನ್ನು ಪ್ರಸಂಗ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ, ಐದು ನಿಮಿಷವೂ ಮಾತಾಡಲಿಲ್ಲ.

ಮೊದಲನೆಯ ಸಲ ಹನ್ನೊಂದು ಹಾಳೆ ಬರೆದುಕೊಂಡು ಹೋಗಿದ್ದೆ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳು ಯಾತ್ರಾಗೀತೆಗಳು, ಯೆರೂಸಲೇಮಿಗೆ ಹಬ್ಬಕ್ಕೆ ಹೋಗುವವರು ಇವನ್ನು ಹಾಡಿರಬೇಕು ಎಂದು ಓದಿದ್ದೆ. 'ಕಾಯು' ಎಂಬ ಅರ್ಥದ 'ಶಾಮರ್' ಎಂಬ ಹೀಬ್ರೂ ಧಾತು ಎಂಟೇ ವಚನದಲ್ಲಿ ಆರು ಸಲ ಬರುತ್ತದೆ ಎಂದೂ ಓದಿದ್ದೆ. ಎಲ್ಲ ಹೇಳಿದೆ. ಮುಕ್ಕಾಲು ಗಂಟೆ. ಹಿಂದಿನ ಸಾಲಿನಲ್ಲಿ ಮಕ್ಕಳು ಮಲಗಿದವು, ಆಮೇಲೆ ದೊಡ್ಡವರು. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಚಪ್ಪಲಿ ಹಾಕಿಕೊಳ್ಳುತ್ತ ಅಂದರು: "ಛಲೋ ಹೇಳಿದಿ ತಮ್ಮಾ. ಆದ್ರ ಯಾರಿಗೆ ಹೇಳಿದಿ?"

ಅವರ ಮಾತು ಒಂದು ತಿಂಗಳು ಚುಚ್ಚಿತು. ಸಿಟ್ಟೂ ಬಂತು. ಅಷ್ಟು ಓದಿದ್ದಕ್ಕೆ ಇದಾ ಬೆಲೆ ಅಂತ.

ಆಮೇಲೆ ತಯಾರಿಯ ದಾರಿಯನ್ನೇ ಬದಲಿಸಿದೆ. ಸೋಮವಾರ ವಾಕ್ಯವನ್ನು ಮೂರು ಸಲ ಗಟ್ಟಿಯಾಗಿ ಓದುತ್ತೇನೆ, ಟಿಪ್ಪಣಿ ಪುಸ್ತಕ ಮುಟ್ಟುವುದಿಲ್ಲ. ಮಂಗಳವಾರ ಅವ್ವನಿಗೆ ಓದಿ ಹೇಳುತ್ತೇನೆ. ಅವ್ವನಿಗೆ ಅಕ್ಷರ ಬರುವುದಿಲ್ಲ, ಕಿವಿ ಮಾತ್ರ ಬಲು ಚುರುಕು. ಸತ್ಯವೇದದ ಕನ್ನಡ ಹಳೆಯದು. 'ಬರುವದು' ಅನ್ನುತ್ತದೆ, 'ಭೂಮ್ಯಾಕಾಶಗಳು' ಅನ್ನುತ್ತದೆ. ಅವ್ವನಿಗೆ ತೊಡಕಾದ ಜಾಗಕ್ಕೆ ಪೆನ್ಸಿಲಿನಿಂದ ಗೀಟು ಹಾಕುತ್ತೇನೆ. ಸಭೆಯಲ್ಲಿ ಓದುವಾಗ ಹಳೆಯ ಮಾತನ್ನು ಹಾಗೇ ಓದಿಸುತ್ತೇನೆ, ಅದರ ಗತ್ತು ಬೇರೆ. ಬಿಡಿಸಿ ಹೇಳುವಾಗ ಮಾತ್ರ ನಮ್ಮ ಮಾತು. ಈ ಹಳೆಯ ಕನ್ನಡದ ಬೇರೂ ನಮ್ಮ ಪಕ್ಕದಲ್ಲೇ ಇದೆ ಎಂಬುದು ಗೊತ್ತಾದ ಮೇಲೆ ಅದರ ಮೇಲಿನ ಬೇಸರ ಕಡಿಮೆಯಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯವರಿಂದ ಕನ್ನಡ ಕಲಿತು, ಜೊತೆಗಾರರೊಂದಿಗೆ ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿತ್ತು. ಆಮೇಲೆ ಅದನ್ನು ಎಷ್ಟೋ ಸಲ ತಿದ್ದಿದ್ದಾರೆ. ಆದರೂ ಒಂದು ಸಾಲು ಓದುವಾಗ, ಇದನ್ನು ಮೊದಲು ಕೇಳಿದವರು ಬಳ್ಳಾರಿ ಗುಡ್ಡದ ಬುಡದಲ್ಲಿ ಕೂತಿದ್ದರು ಅನ್ನಿಸಿ ಒಂಥರಾ ಧೈರ್ಯ ಬರುತ್ತದೆ.

ಗುಡ್ಡ ಅಂದಾಗ ನೆನಪಾಯಿತು. ಈ ಕೀರ್ತನೆಯ ಮೊದಲ ವಚನವನ್ನು ನಮ್ಮಲ್ಲಿ ಬಹಳ ಮಂದಿ ಬಾಯಿಪಾಠ ಹೇಳುವಾಗ 'ಬೆಟ್ಟದ ಕಡೆಯಿಂದ ಸಹಾಯ ಬರುತ್ತದೆ' ಎಂಬ ಅರ್ಥದಲ್ಲೇ ಹೇಳಿಬಿಡುತ್ತಾರೆ. ಕನ್ನಡದಲ್ಲಿ ಅಲ್ಲೊಂದು ಪ್ರಶ್ನೆ ಇದೆ. ಬೆಟ್ಟದ ಕಡೆ ಕಣ್ಣೆತ್ತಿ ನೋಡಿದವನು, ನನ್ನ ಸಹಾಯ ಎಲ್ಲಿಂದ ಬಂದೀತು ಎಂದು ಕೇಳುತ್ತಾನೆ. ದಾರಿ ಮುಂದಿದೆ, ಬೆಟ್ಟ ಹತ್ತಬೇಕು, ಕಳ್ಳರಿರಬಹುದು, ಕತ್ತಲಾಗಬಹುದು. ಅವನಿಗೆ ಭಯವಾಗಿದೆ. ಪ್ರಶ್ನೆಯನ್ನು ನುಂಗಿಬಿಟ್ಟರೆ ಉತ್ತರಕ್ಕೆ ಜಾಗವೇ ಉಳಿಯುವುದಿಲ್ಲ. ಇದು ನನಗೆ ತಿಳಿದದ್ದು ಅವ್ವನಿಂದ. ಓದಿದ ತಕ್ಷಣ ಆಕೆ "ಯಾಕ, ಅಂವಗ ಏನಾಗಿತ್ತು?" ಅಂದಳು.

ಬುಧವಾರ, ಗುರುವಾರ ಮಿಲ್ಲಿನಿಂದ ಬರುವಾಗ ಒಂದೆರಡು ಮನೆಗೆ ಹೋಗಿ ಕೂಡುತ್ತೇನೆ. ಪ್ರಸಂಗಕ್ಕೆ ಸಾಮಾನು ಹುಡುಕಲು ಅಂತ ಹೋದರೆ ಅವರಿಗೆ ಗೊತ್ತಾಗುತ್ತದೆ. ಸುಮ್ಮನೆ ಚಹಾ ಕುಡಿಯಬೇಕು. ವಾಕ್ಯ ಓದಿ, ಇದರಲ್ಲಿ ನಿಮಗೇನು ಕಂಡಿತು ಅಂತ ಕೇಳಬೇಕು, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು. 'ಆತನು ನಿನ್ನ ಕಾಲು ಜಾರಗೊಡನು' ಎಂಬ ಮಾತು ಓದಿದಾಗ ಒಬ್ಬ ಹಮಾಲ ತನ್ನ ಮೊಣಕಾಲು ತೋರಿಸಿದ. 75 ಕೆಜಿ ಚೀಲ ಬೆನ್ನ ಮೇಲೆ, ಲಾರಿಗೆ ಹಚ್ಚಿದ ಹಲಗೆ, ಮಳೆ ಬಂದು ಹಲಗೆ ಒದ್ದೆ. ನಾನು ದಿನಾ ಆ ಹಲಗೆಯ ಪಕ್ಕದಲ್ಲೇ ಕೂತು ಲೆಕ್ಕ ಬರೆಯುತ್ತೇನೆ, ಒಮ್ಮೆಯೂ ಈ ವಚನ ನೆನಪಾಗಿರಲಿಲ್ಲ. 'ಕಾಯುವಾತನು ತೂಕಡಿಸುವುದಿಲ್ಲ' ಎಂಬುದಕ್ಕೆ ಇನ್ನೊಬ್ಬರು ನಕ್ಕರು. ನೀರಿನ ಪಾಳಿ ಬಂದ ರಾತ್ರಿ ತೂಬಿನ ಹತ್ತಿರ ಎಚ್ಚರ ಕೂತವರು ಅವರು. ಕಣ್ಣು ಮುಚ್ಚಿದ ಅರ್ಧ ಗಂಟೆಯಲ್ಲಿ ಮೇಲಿನವರು ನೀರು ತಿರುವಿಕೊಂಡ ಕತೆ ಅವರಲ್ಲಿ ಬೇಕಾದಷ್ಟಿದೆ. "ತೂಕಡಿಸದ ಇರೋನು ಅಂದ್ರ ದೇವರಽ ಬಿಡು," ಅಂದರು.

ಶುಕ್ರವಾರ ಒಂದೇ ಸಾಲು ಬರೆಯುತ್ತೇನೆ. ಭಾನುವಾರ ಸಂಜೆ ಅಡಿಗೆ ಮಾಡುವಾಗ ಒಬ್ಬಾಕೆಗೆ ನೆನಪಿರಬೇಕಾದ ಸಾಲು. ಅದು ಸಿಗದಿದ್ದರೆ ಶನಿವಾರ ರಾತ್ರಿ ನಿದ್ದೆ ಇಲ್ಲ. ಹೇಳುವುದು ಇಪ್ಪತ್ತು ನಿಮಿಷ, ಹಾಳೆ ಇಲ್ಲದೆ. ಜೋರಾಗಿ 'ಆಮೆನ್' ಬಂದರೆ ಪ್ರಸಂಗ ಗೆದ್ದಿತು ಅಂತ ಮೊದಲು ತಿಳಿದಿದ್ದೆ. ದನಿ ಏರಿಸಿದರೆ ಯಾವ ಮಾತಿಗೂ ಆಮೆನ್ ಬರುತ್ತದೆ. ನಾನು ಎರಡನೆಯ ಸಲ ಎಡವಿದ್ದು ಅಲ್ಲೇ.

ಅದು ಮೇ ತಿಂಗಳು. ಬಿಸಿಲು 40 ಡಿಗ್ರಿ ದಾಟಿತ್ತು. ಮತ್ತೆ 121 ತೆಗೆದುಕೊಂಡೆ, ಐದನೆಯ ಆರನೆಯ ವಚನ. ಯೆಹೋವನು ನಿನ್ನ ಬಲಗಡೆಯ ನೆರಳು, ಹಗಲಲ್ಲಿ ಸೂರ್ಯನು ನಿನ್ನನ್ನು ಬಾಧಿಸನು. ಈ ನಾಡಿನಲ್ಲಿ ನೆರಳು ಎಂದರೇನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಗದ್ದೆ ಬದುವಿನ ಒಂದು ಜಾಲಿ ಗಿಡದ ಕೆಳಗೆ ಎಂಟು ಜನ ಬುತ್ತಿ ಬಿಚ್ಚುತ್ತಾರೆ. ಮಾತು ಚೆನ್ನಾಗಿ ಹರಿಯಿತು. ಹರಿಯುವಾಗ ನಾನು ಕಟ್ಟೆ ದಾಟಿದೆ. ನಂಬಿದವನಿಗೆ ಬಿಸಿಲು ಬಡಿಯುವುದೇ ಇಲ್ಲ, ಇದು ದೇವರ ಗ್ಯಾರಂಟಿ ಅಂದೆ. ಆಮೆನ್ ಜೋರಾಗಿ ಬಂತು.

ಎರಡು ವಾರ ಕಳೆದಿರಲಿಲ್ಲ. ಸಭೆಯ ಒಬ್ಬರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದವರು ಹೂಳು ತೆಗೆಯುತ್ತಿದ್ದಲ್ಲೇ ಬಿಸಿಲಿಗೆ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ, ನನಗೆ ಅಕ್ಕ ಆಗಬೇಕು, ಬಾಗಿಲ ಪಕ್ಕ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನ ಕಡೆ ನೋಡಿ, "ನೆರಳು ಅಂದಿದ್ಯಲ್ಲೋ ತಮ್ಮಾ," ಅಂದಳು.

ಅಷ್ಟೇ. ದೂರಲಿಲ್ಲ, ಬೈಯಲಿಲ್ಲ. ನನಗೆ ಬಂದ ಒಂದೆರಡು ಸಿದ್ಧ ಉತ್ತರಗಳಿದ್ದವು, ದೇವರ ಚಿತ್ತ, ಪರಲೋಕದ ನೆರಳು ಅಂತ. ಬಾಯಿಗೆ ಬಂದವನ್ನು ನುಂಗಿಕೊಂಡೆ. ಆ ಒಂದು ಕೆಲಸ ಸರಿಯಾಗಿ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ.

ಮುಂದಿನ ಮೂರು ತಿಂಗಳು ಪ್ರಸಂಗದ ಪಾಳಿಯನ್ನು ಮೇಷ್ಟ್ರಿಗೆ ಬಿಟ್ಟೆ. ಸತ್ಯವೇದ ಮಾತ್ರ ಬಿಡಲಿಲ್ಲ. ಅದರೊಂದಿಗೆ ಜಗಳಕ್ಕೆ ಕೂತೆ ಅನ್ನಿ. ಆಗ ಕಣ್ಣಿಗೆ ಬಿದ್ದದ್ದು ಮತ್ತಾಯನು ಬರೆದ ಸುವಾರ್ತೆಯ ನಾಲ್ಕನೆಯ ಅಧ್ಯಾಯ. ಎಷ್ಟು ಸಲ ಓದಿಲ್ಲ ಅದನ್ನು. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು ಎನ್ನುತ್ತಾನೆ. ಅದಕ್ಕೆ ಆಧಾರವಾಗಿ ಕೀರ್ತನೆ 91ನ್ನೇ ತೆಗೆದು ಹೇಳುತ್ತಾನೆ, ದೂತರು ನಿನ್ನ ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುವರು ಎಂಬ ಮಾತನ್ನು. ಕಾಪಾಡುವ ವಾಕ್ಯವನ್ನು ಗ್ಯಾರಂಟಿ ಕಾರ್ಡಿನ ಹಾಗೆ ಹಿಡಿದು ಪ್ರಸಂಗ ಮಾಡಿದವನು ಅಲ್ಲಿ ಸೈತಾನ! ಯೇಸು ಧುಮುಕಲಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದಷ್ಟೇ ಅಂದ. ಆ ರಾತ್ರಿ ನನ್ನ ಮೇ ತಿಂಗಳ ಪ್ರಸಂಗ ನೆನೆದು ಬೆವತೆ.

ಹಾಗೇ ಹುಡುಕುತ್ತ ಹೋದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ನಾವು ನಂಬಿಕೆಯ ಗೆಲುವಿನ ಪಟ್ಟಿ ಅಂತ ಓದುತ್ತೇವೆ. ಸಿಂಹದ ಬಾಯಿ ಮುಚ್ಚಿತು, ಬೆಂಕಿ ಆರಿತು. 35ನೆಯ ವಚನದ ನಡುವೆ ಮಾತು ತಿರುಗಿಬಿಡುತ್ತದೆ. ಕೆಲವರಿಗೆ ಸತ್ತವರು ತಿರುಗಿ ಸಿಕ್ಕರು, ಬೇರೆ ಕೆಲವರು ಹಿಂಸೆಗೆ ಸಿಕ್ಕಿ ಸತ್ತರು. ಎರಡೂ ಕಡೆಯವರದು ಅದೇ ನಂಬಿಕೆ. ಅಪೊಸ್ತಲನಾದ ಪೌಲನು ತನ್ನ ಶರೀರದ ಮುಳ್ಳು ತೆಗೆ ಎಂದು ದೇವರನ್ನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಮತ್ತೆ 121ಕ್ಕೆ ಬಂದೆ. ನೆರಳು ಬಲಗಡೆ ಇದೆ, ಅಂದರೆ ಅದು ಪಕ್ಕದಲ್ಲಿ ನಡೆಯುವ ನೆರಳು. ಮಧ್ಯಾಹ್ನ ಮಗುವನ್ನು ಕರೆದುಕೊಂಡು ಹೋಗುವ ತಾಯಿ ಬಿಸಿಲಿನ ಬದಿಗೆ ತಾನು ನಡೆಯುತ್ತಾಳೆ. ಬಿಸಿಲು ಇದ್ದೇ ಇರುತ್ತದೆ. ಅಕ್ಕನ ಮುಂದೆ ಈ ವಿವರಣೆ ಇಡಲು ನನಗೆ ಧೈರ್ಯ ಸಾಲಲಿಲ್ಲ. ಅವಳಿಗೆ ಬೇಕಾಗಿದ್ದು ಅದಲ್ಲ. ಸಭೆಯವರು ಸೇರಿ ಅವಳ ಗದ್ದೆಯ ನಾಟಿ ಹಚ್ಚಿದೆವು, ಮಗನ ಫೀಸು ಕಟ್ಟಿದೆವು. ಅವಳು ಒಂದು ವರ್ಷ ಆರಾಧನೆಗೆ ಬರಲಿಲ್ಲ. ಯಾರೂ ಒತ್ತಾಯ ಮಾಡಬಾರದು ಅಂತ ನಾನೇ ಹೇಳಿದ್ದೆ.

ಮೂರನೆಯ ಸಲ 121 ಓದಿದ್ದು 2024ರ ಆಗಸ್ಟ್ 11ರ ಭಾನುವಾರ. ಹಿಂದಿನ ವರ್ಷ ಬರ. ಆ ವರ್ಷ ತುಂಗಭದ್ರಾ ಜಲಾಶಯ ತುಂಬಿತ್ತು, ಕಾಲುವೆಗೆ ನೀರು ಬಂದಿತ್ತು, ನಾಟಿ ನಡೆದಿತ್ತು. ಶನಿವಾರ ರಾತ್ರಿ ಅಣೆಕಟ್ಟೆಯಿಂದ ನದಿಗೆ ನೀರು ಬಿಡುವ 19ನೆಯ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಬೆಳಿಗ್ಗೆ ಎಲ್ಲರ ಮೊಬೈಲಿನಲ್ಲೂ ಅದೇ ವಿಡಿಯೋ. ಅಣೆಕಟ್ಟೆಯ ಮೇಲೆ ಭಾರ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ಎತ್ತಿದ್ದರು. ನಮ್ಮ ವರ್ಷದ ಅನ್ನ ನದಿಯಲ್ಲಿ ಹೋಗುತ್ತಿತ್ತು. ನಾನು ಆ ವಾರ ತಯಾರಿಸಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಿಂದ, ಯಾವುದಕ್ಕೂ ಚಿಂತೆ ಮಾಡಬೇಡಿ ಎಂಬ ವಾಕ್ಯ. ಎದ್ದು ನಿಂತು ಮುಖಗಳನ್ನು ನೋಡಿದೆ. ಹೇಳಲಾಗಲಿಲ್ಲ.

121 ಓದಿದೆ, ಮೊದಲ ವಚನದ ಪ್ರಶ್ನೆಯ ಹತ್ತಿರ ನಿಲ್ಲಿಸಿದೆ. ಇವತ್ತು ನಮ್ಮ ಪ್ರಶ್ನೆಯೂ ಇದೇ, ಯಾರಿಗೆ ಏನು ಭಯ ಇದೆಯೋ ಗಟ್ಟಿಯಾಗಿ ಹೇಳಿ, ದೇವರ ಮುಂದೆ ನಾಚಿಕೆ ಏನು, ಅಂದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಆಮೇಲೆ ಒಬ್ಬರು ಗೊಬ್ಬರದ ಅಂಗಡಿಯ ಸಾಲ ಅಂದರು. ಒಬ್ಬಾಕೆ ತೆಲುಗಿನಲ್ಲಿ ಮಗಳ ಮದುವೆ ಅಂದಳು. ಬೆಳೆ ಹೋದರೆ ಮತ್ತೆ ಬೆಂಗಳೂರಿಗೆ ಗುಳೆ ಅಂತ ಒಬ್ಬ ಹುಡುಗ ಅಂದ. ಮಿಲ್ಲು ನಿಂತರೆ ನನ್ನ ಕೆಲಸ ಅಂತ ನಾನೂ ಅಂದೆ. ಕೊನೆಗೆ ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೆಯ ಅಧ್ಯಾಯದಿಂದ ಎರಡು ವಚನ ಓದಿದೆವು. ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು. 'ಉಲ್ಲಾಸ' ಎಂಬಲ್ಲಿ ನನ್ನ ದನಿ ಸಣ್ಣಗಾಯಿತು. ಅದನ್ನು ಜೋರಾಗಿ ಹೇಳುವುದು ಅವತ್ತು ಸುಳ್ಳಾಗುತ್ತಿತ್ತು.

ಒಂದು ವಾರ ತುಂಬುವಷ್ಟರಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಮುಂದಿನ ಭಾನುವಾರ ಸಾಕ್ಷಿ ಹೇಳಲು, ಅಂದರೆ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳಲು, ಸಾಲು ಹಚ್ಚಿದರು. ನಮ್ಮ ಪ್ರಾರ್ಥನೆಗೆ ಗೇಟು ಕೂತಿತು ಅಂತ ಒಬ್ಬರು. ನಾನು ಅಡ್ಡ ಬಂದೆ. ಸ್ತೋತ್ರ ಹೇಳೋಣ, ಕ್ರೇನಿನ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕಬ್ಬಿಣ ಇಳಿಸಿದವರಿಗೂ ಹೇಳೋಣ ಅಂದೆ. ಜೊತೆಗೆ ಒಂದು ಮಾತು ಕೇಳಿದೆ: ಗೇಟು ಕೂಡದೇ ಹೋಗಿದ್ದರೆ ಕಳೆದ ವಾರ ಓದಿದ ವಾಕ್ಯವನ್ನು ಹರಿದು ಹಾಕುತ್ತಿದ್ದೆವೇನು? ಕೆಲವರಿಗೆ ಇದು ಇಷ್ಟವಾಗಲಿಲ್ಲ. ವಿಶ್ವಾಸ ಕಡಿಮೆ ಆಗೈತಿ ನಿನಗ ಅಂತ ಆಮೇಲೆ ಹೇಳಿದವರೂ ಇದ್ದಾರೆ. ಇರಬಹುದು.

ಅಕ್ಕ ಈಗ ಬರುತ್ತಾಳೆ. ಹಿಂದಿನ ಸಾಲು, ಬಾಗಿಲ ಪಕ್ಕ. ಸಹಾಯದ ವಾಕ್ಯ ಯಾವುದೇ ಇರಲಿ, ಹೇಳುವ ಮುಂಚೆ ಅವಳಿಗೆ ಒಮ್ಮೆ ಓದಿ ತೋರಿಸುತ್ತೇನೆ. ಸುಮ್ಮನೆ ಕೇಳುತ್ತಾಳೆ, ಕೆಲವೊಮ್ಮೆ "ಇಷ್ಟು ಸಾಕು, ಇಲ್ಲಿಂದ ಮುಂದ ಹೇಳಬ್ಯಾಡ," ಅನ್ನುತ್ತಾಳೆ. ಬರುವ ಭಾನುವಾರ ಅಯ್ಯನವರು ಇರುವುದಿಲ್ಲ. ನನ್ನ ಪಾಲಿಗೆ ಕೀರ್ತನೆ 91 ಬಂದಿದೆ, ಸೈತಾನನಿಗೆ ಬಾಯಿಪಾಠ ಇದ್ದ ಅದೇ ಕೀರ್ತನೆ. ಸಾಲು ಇನ್ನೂ ಸಿಕ್ಕಿಲ್ಲ. ಬುಧವಾರ ಮಿಲ್ಲು ಬಿಟ್ಟ ಮೇಲೆ ಅವಳ ಮನೆಗೆ ಹೋಗಬೇಕು.